ಟೊಳ್ಳಿಲ್ಲದ ಗಿಟಾರ್

ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಒಂದು ಹಲಗೆಗೆ ಎರಡು ಮೊಳೆ ಹೊಡೆದು ನಡುವೆ ಉಕ್ಕಿನ ತಂತಿಯೊಂದನ್ನು ಬಿಗಿಯಾಗಿ ಕಟ್ಟಿ, ಬೆರಳಿನಿಂದ ಮೀಟಿ. ನಾದ ನಿಮಗೆ ಕೇಳಿಸುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಅರ್ಧಂಬರ್ಧ ಕೇಳಿಸುತ್ತದೆ. ಬಾಗಿಲಾಚೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಈಗ ಅದೇ ಹಲಗೆಯನ್ನು ಖಾಲಿ ಎಣ್ಣೆ ಡಬ್ಬಿಯ ಮೇಲೆ ಒತ್ತಿ ಹಿಡಿದು ಮತ್ತೆ ಮೀಟಿ. ನಾದ ಕೋಣೆ ತುಂಬುತ್ತದೆ.

ತಂತಿ ಅದೇ, ಬೆರಳೂ ಅದೇ. ಹಾಗಾದರೆ ಬದಲಾದದ್ದೇನು? ತಂತಿ ತೀರ ತೆಳ್ಳಗಿರುವುದರಿಂದ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ತಳ್ಳುವುದಿಲ್ಲ. ಗಾಳಿಯನ್ನು ತಳ್ಳಲು ಅಗಲವಾದ ಮೈ ಬೇಕು. ಡಬ್ಬಿ ಆ ಕೆಲಸ ಮಾಡಿತು. ಮನುಷ್ಯ ಸಾವಿರಾರು ವರ್ಷಗಳಿಂದ ತಂತಿವಾದ್ಯಗಳಿಗೆ ಹೊಟ್ಟೆಯೊಂದನ್ನು ಕಟ್ಟುತ್ತ ಬಂದದ್ದು ಇದೇ ಕಾರಣಕ್ಕೆ. ಆ ಹೊಟ್ಟೆ ಮರದ್ದಾಗಿರಬಹುದು, ಚರ್ಮದ್ದಾಗಿರಬಹುದು, ಸೋರೆ ಬುರುಡೆಯದ್ದಾಗಿರಬಹುದು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಹೊಟ್ಟೆಯೇ ಇಲ್ಲದ, ಗಟ್ಟಿ ಮರದ ಒಂದು ವಾದ್ಯ ಹುಟ್ಟಿ ಜಗತ್ತಿನ ಸಂಗೀತವನ್ನೇ ಬದಲಿಸಿತು. ಅದೇ ಎಲೆಕ್ಟ್ರಿಕ್ ಗಿಟಾರ್. ಆ ವಾದ್ಯದ ಹಿಂದಿನ ಪ್ರಶ್ನೆ ಅಮೆರಿಕದಲ್ಲಿ ಮಾತ್ರ ಎದ್ದದ್ದಲ್ಲ, ನಮ್ಮ ನೆಲದಲ್ಲೂ ಎದ್ದಿತ್ತು. ಅದಕ್ಕೆ ಉತ್ತರ ಹುಡುಕಿದವರಲ್ಲಿ ಹೆಚ್ಚಿನವರು ಅಂಗಡಿಯ ಮೂಲೆಯಲ್ಲೋ ಮನೆಯ ಪಡಸಾಲೆಯಲ್ಲೋ ಕೆಲಸ ಮಾಡಿದವರು.

ಕೊನೆಯ ಸಾಲಿನ ಕೇಳುಗ

ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನಲ್ಲಿ ತುಕ್ಕಾನಟ್ಟಿ ಎಂಬ ಊರಿದೆ. ಈ ಭಾಗವೆಲ್ಲ ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿತ್ತು. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟಕ್ಕೆ ರೂಪು ಕೊಟ್ಟ ಕುಲಗೋಡ ತಮ್ಮಣ್ಣ ಈ ಸೀಮೆಯವರು. ಅದೇ ಆಟದಿಂದ ನಾಡಿನಲ್ಲೆಲ್ಲ ಹೆಸರಾದ ಕೌಜಲಗಿ ನಿಂಗಮ್ಮನವರೂ ಇಲ್ಲಿಯವರೇ. ಪಾರಿಜಾತ ಬಯಲಿನಲ್ಲಿ, ರಾತ್ರಿಯಿಡೀ ನಡೆಯುವ ಆಟ. ಧ್ವನಿವರ್ಧಕ ಬರುವುದಕ್ಕೆ ಮೊದಲು ಹಾಡುವವರು ಬಯಲಿನ ಕೊನೆಯಲ್ಲಿ ಕಂಬಳಿ ಹೊದ್ದು ಕುಳಿತವನಿಗೂ ಕೇಳುವಂತೆ ಹಾಡಬೇಕಿತ್ತು. ಮೇಳಕ್ಕೆ ಹಾರ್ಮೋನಿಯಂ, ತಬಲಾ, ತಾಳ ಒದಗಿದ್ದನ್ನು ಗಮನಿಸಿ. ಇವೆಲ್ಲ ದೂರಕ್ಕೆ ಕೇಳುವ ವಾದ್ಯಗಳು.

ತಂತಿವಾದ್ಯಕ್ಕೂ ನಮ್ಮ ಜನ ದಾರಿ ಕಂಡುಕೊಂಡಿದ್ದರು. ಸವದತ್ತಿಯ ಎಲ್ಲಮ್ಮನ ಭಕ್ತರು ನುಡಿಸುವ ಚೌಡಿಕೆಯನ್ನು ನೀವು ನೋಡಿರಬಹುದು. ಟೊಳ್ಳಾದ ಮರದ ಕೊಳವೆಯ ಒಂದು ಬಾಯಿಗೆ ಚರ್ಮ ಬಿಗಿದಿರುತ್ತಾರೆ. ಚರ್ಮದ ನಡುವಿನಿಂದ ಹೊರಟ ತಂತಿ ಕೋಲಿನ ತುದಿಯ ಬಿರಡೆಗೆ ಸುತ್ತಿಕೊಂಡಿರುತ್ತದೆ. ತಂತಿ ನಡುಗಿದರೆ ಚರ್ಮ ನಡುಗುತ್ತದೆ, ಚರ್ಮ ನಡುಗಿದರೆ ಗಾಳಿ ನಡುಗುತ್ತದೆ. ಭೌತಶಾಸ್ತ್ರದ ಪಾಠವೊಂದನ್ನು ಜೋಗತಿಯರು ಬಗಲಲ್ಲೇ ಹೊತ್ತು ಊರೂರು ತಿರುಗಿದರು.

ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿ ಕೃಷ್ಣೆಯನ್ನು ದಾಟಿದರೆ ಮಿರಜ ಬರುತ್ತದೆ. ಇಂದು ಅದು ಮಹಾರಾಷ್ಟ್ರದ ಊರು. ಆದರೆ ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಈ ಊರು ನಮ್ಮ ಗಾಯಕರಿಗೆಲ್ಲ ತವರಿದ್ದಂತೆ. ಅಲ್ಲಿನ ಶಿಕಲಗಾರರು ಮೂಲತಃ ಕತ್ತಿ, ಭರ್ಚಿಗಳನ್ನು ಮಾಡಿ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಜರ ಸೈನ್ಯಗಳು ಕರಗಿ, ಆಯುಧಗಳಿಗೆ ಗಿರಾಕಿ ಇಲ್ಲದಂತಾಯಿತು. ಆಗ ಅವರಲ್ಲಿ ಫರೀದ್ ಸಾಹೇಬರೆಂಬವರು ವಾದ್ಯಗಳನ್ನು ದುರಸ್ತಿ ಮಾಡಲು ಆರಂಭಿಸಿ, ಬರಬರುತ್ತ ತಾವೇ ತಂಬೂರಿ, ಸಿತಾರ್‌ಗಳನ್ನು ಮಾಡತೊಡಗಿದರು. ಭೀಮಾ ತೀರದ ಪಂಢರಪುರ, ಮಂಗಳವೇಢೆಗಳ ಕಡೆ ಬೆಳೆಯುವ ದೊಡ್ಡ ಬುರುಡೆಗಳು ಆ ವಾದ್ಯಗಳಿಗೆ ಹೊಟ್ಟೆಯಾದವು. 2024ರಲ್ಲಿ ಮಿರಜದ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕತ್ತಿಯ ಅಲಗಿನ ನಯ ತಿಳಿದ ಕೈಗೆ ತಂಬೂರಿಯ ಕುದುರೆಯ ನಯವೂ ತಿಳಿಯಿತು ಎಂಬುದನ್ನು ನೆನಪಿನಲ್ಲಿಡಿ. ಈ ಮಾತಿಗೆ ನಾವು ಮತ್ತೆ ಬರಬೇಕಾಗುತ್ತದೆ.

ಹತ್ತೊಂಬತ್ತು ತಂತಿಯ ಉತ್ತರ

ಇನ್ನು ಮೈಸೂರಿನ ಕಡೆಗೆ ಬನ್ನಿ. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ತಿರುಮಕೂಡಲಿನವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಅವರು ಕಛೇರಿಗಳಲ್ಲಿ ಪಕ್ಕವಾದ್ಯ ನುಡಿಸಲು ಆರಂಭಿಸಿದ ಕಾಲಕ್ಕೆ ಮೈಕು ಬಂದಿರಲಿಲ್ಲ. ದೊಡ್ಡ ಸಭೆಗಳಲ್ಲಿ ಹಿಂದೆ ಕುಳಿತವರಿಗೆ ಪಿಟೀಲಿನ ನಾದ ಕೇಳುತ್ತಿರಲಿಲ್ಲ. ಚೌಡಯ್ಯನವರು ಇದು ಸಭೆಯ ದೋಷವೆಂದು ಸುಮ್ಮನಾಗಲಿಲ್ಲ. ವಾದ್ಯವನ್ನೇ ತಿದ್ದಲು ಹೊರಟರು. ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿದರು. ಆ ಮೇಲೆ ಅನುರಣನಕ್ಕಾಗಿ ಹನ್ನೆರಡು ತಂತಿಗಳನ್ನು ಕೂಡಿಸಿ ಹತ್ತೊಂಬತ್ತು ತಂತಿಯ ಪಿಟೀಲನ್ನು ನುಡಿಸಿದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನದ ಮುಂದೆ ಹಾದು ಹೋಗುವಾಗ ಈ ಸಂಗತಿಯನ್ನು ನೆನೆಯಿರಿ. ಅದು ಕೊನೆಯ ಸಾಲಿನ ಕೇಳುಗನನ್ನು ಮರೆಯದ ಕಲಾವಿದರೊಬ್ಬರ ಸ್ಮಾರಕ.

ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅಮೆರಿಕದ ಗಿಟಾರ್ ವಾದಕರೂ ಅದೇ ಕಷ್ಟದಲ್ಲಿದ್ದರು. ನೃತ್ಯಶಾಲೆಗಳ ವಾದ್ಯಮೇಳದಲ್ಲಿ ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರ್ ಮುಳುಗಿ ಹೋಗುತ್ತಿತ್ತು. ಚೌಡಯ್ಯನವರು ತಂತಿಗಳನ್ನು ಹೆಚ್ಚಿಸಿ ಉತ್ತರ ಕಂಡರೆ, ಅವರು ವಿದ್ಯುತ್ತಿನ ಕಡೆಗೆ ತಿರುಗಿದರು.

ಕಾಂತ, ಸುರುಳಿ, ತಂತಿ

1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ವ ನಿಮ್ಮ ಪಠ್ಯಪುಸ್ತಕದಲ್ಲಿದೆ. ತಾಮ್ರದ ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಗಿಟಾರಿನಲ್ಲಿ ನಡೆಯುವುದೂ ಇದೇ. ತಂತಿಗಳ ಕೆಳಗೆ ಕಾಂತ ಇಟ್ಟು, ಅದರ ಸುತ್ತ ಕೂದಲಿಗಿಂತ ತೆಳ್ಳಗಿರಬಹುದಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತುತ್ತಾರೆ. ಇದಕ್ಕೆ ಪಿಕಪ್ ಎಂದು ಹೆಸರು. ಮೇಲಿನ ಉಕ್ಕಿನ ತಂತಿ ನಡುಗಿದಂತೆಲ್ಲ ಕಾಂತಕ್ಷೇತ್ರ ನಡುಗುತ್ತದೆ. ಸುರುಳಿಯಲ್ಲಿ ಅದೇ ಲಯದ, ಅತಿ ಸಣ್ಣ ವಿದ್ಯುತ್ ಹರಿಯುತ್ತದೆ. ಅದನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಗಾಳಿಯನ್ನು ತಳ್ಳುವ ಕೆಲಸ ಈಗ ಸ್ಪೀಕರಿನದು. ಇಲ್ಲಿ ಒಂದು ಷರತ್ತಿದೆ: ತಂತಿ ಕಾಂತಕ್ಕೆ ಓಗೊಡುವ ಲೋಹದ್ದಾಗಿರಬೇಕು. ನರದ ತಂತಿ, ನೈಲಾನ್ ತಂತಿ ಎಷ್ಟು ನಡುಗಿದರೂ ಪಿಕಪ್ಪಿಗೆ ತಿಳಿಯುವುದಿಲ್ಲ.

1930ರ ದಶಕದ ಆರಂಭದಲ್ಲಿ ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಈ ತತ್ವದ ಮೇಲೆ ಅಲ್ಯೂಮಿನಿಯಂ ಗಿಟಾರೊಂದನ್ನು ಮಾರಾಟಕ್ಕೆ ತಂದರು. ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಮಾದರಿಯ ಆ ಗಿಟಾರಿಗೆ ಅದರ ಆಕಾರ ನೋಡಿ ಜನ ಬಾಣಲೆ ಎಂದೇ ಹೆಸರಿಟ್ಟರು. ಬೇರೆ ತಯಾರಕರು ಮಾಮೂಲಿ ಟೊಳ್ಳು ಗಿಟಾರಿಗೇ ಪಿಕಪ್ ಜೋಡಿಸಿದರು. ಆದರೆ ಅದರಲ್ಲಿ ಹೊಸ ಕಾಟವೊಂದು ಎದುರಾಯಿತು. ಜಾತ್ರೆಯಲ್ಲಿ ಮೈಕು ಸ್ಪೀಕರಿನ ಎದುರಿಗೆ ಬಂದಾಗ ಕುಂಯ್ ಎಂದು ಕೂಗುವುದನ್ನು ನೀವು ಕೇಳಿದ್ದೀರಿ. ಹಾಗೆಯೇ ಸ್ಪೀಕರಿನ ಸದ್ದು ಗಿಟಾರಿನ ಟೊಳ್ಳು ಹೊಟ್ಟೆಯನ್ನು ಅಲುಗಿಸಿ, ಆ ಅಲುಗು ಮತ್ತೆ ಪಿಕಪ್ಪಿಗೆ ಸಿಕ್ಕಿ, ಸದ್ದು ಸುತ್ತಿ ಸುತ್ತಿ ಬೆಳೆದು ಊಳಿಡುತ್ತಿತ್ತು. ಶತಮಾನಗಳಿಂದ ನೆರವಾಗಿದ್ದ ಹೊಟ್ಟೆಯೇ ಈಗ ತೊಡಕಾಯಿತು.

ಗಾಳಿಯನ್ನು ತಳ್ಳಲು ಸ್ಪೀಕರ್ ಇರುವಾಗ ಹೊಟ್ಟೆ ಏಕೆ ಬೇಕು? ಈ ಪ್ರಶ್ನೆಯನ್ನು ಹಟ ಹಿಡಿದು ಕೇಳಿದವರಲ್ಲಿ ಲೆಸ್ ಪಾಲ್ ಒಬ್ಬರು. 1915ರಲ್ಲಿ ಹುಟ್ಟಿದ ಅವರು ಬಾಲಕನಾಗಿದ್ದಾಗಲೇ ರೈಲು ಹಳಿಯ ತುಂಡಿಗೆ ತಂತಿ ಬಿಗಿದು, ಟೆಲಿಫೋನಿನ ಭಾಗವನ್ನು ಅಡಿಗಿಟ್ಟು ಪರೀಕ್ಷಿಸಿದವರು. ಹಳಿ ಅಲುಗುವುದಿಲ್ಲವಾದ್ದರಿಂದ ತಂತಿಯ ಶಕ್ತಿ ಅದರೊಳಗೆ ಸೋರಿ ಹೋಗದೆ ನಾದ ಬಹಳ ಹೊತ್ತು ನಿಲ್ಲುತ್ತಿತ್ತು. 1940ರ ಸುಮಾರಿಗೆ ಅವರು ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ, ಕೆಲಸವಿಲ್ಲದ ದಿನಗಳಲ್ಲಿ ಕುಳಿತು, ನಾಲ್ಕಿಂಚು ಅಗಲ ನಾಲ್ಕಿಂಚು ದಪ್ಪದ ಪೈನ್ ಮರದ ತೊಲೆಗೆ ಗಿಟಾರಿನ ಕತ್ತು ಜೋಡಿಸಿ ಒಂದು ವಾದ್ಯ ಮಾಡಿದರು. ಅದಕ್ಕೆ ಅವರಿಟ್ಟ ಹೆಸರು ದಿಮ್ಮಿ. ತೊಲೆಯನ್ನು ಹಿಡಿದು ನುಡಿಸಿದಾಗ ಕೇಳುಗರು ಒಲಿಯಲಿಲ್ಲ. ಹಳೆಯ ಗಿಟಾರೊಂದನ್ನು ಉದ್ದಕ್ಕೆ ಸೀಳಿ ಎರಡು ಹೋಳುಗಳನ್ನು ತೊಲೆಯ ಎರಡೂ ಪಕ್ಕಕ್ಕೆ ಸಿಕ್ಕಿಸಿದ ಮೇಲೆ, ನೋಡಲು ಗಿಟಾರಿನಂತಾಗಿ, ಅದೇ ಜನ ಮೆಚ್ಚಿದರು. ನಾವು ಕಿವಿಯಿಂದ ಮಾತ್ರವಲ್ಲ, ಕಣ್ಣಿನಿಂದಲೂ ಸಂಗೀತ ಕೇಳುತ್ತೇವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗಟ್ಟಿಮೈಯ ಗಿಟಾರನ್ನು ಎಲ್ಲರ ಕೈಗೆ ತಲುಪಿಸಿದವರು ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಅವರದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ರಿಪೇರಿಗೆ ಬಂದ ವಸ್ತು ಏಕೆ ಕೆಟ್ಟಿದೆ, ಹೇಗೆ ಮಾಡಿದ್ದರೆ ಸುಲಭವಾಗಿ ಸರಿಮಾಡಬಹುದಿತ್ತು ಎಂದು ಯೋಚಿಸಲು ಬರುತ್ತಿತ್ತು. 1950ರಲ್ಲಿ ಅವರು ತಂದ ಗಿಟಾರಿನ ಕತ್ತನ್ನು ಅಂಟು ಹಾಕಿ ಕೂಡಿಸಿರಲಿಲ್ಲ, ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದರು. ಕತ್ತು ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. 1951ರಿಂದ ಅದಕ್ಕೆ ಟೆಲಿಕಾಸ್ಟರ್ ಎಂಬ ಹೆಸರು ನಿಂತಿತು. ಮೊದಲು ಲೆಸ್ ಪಾಲರ ದಿಮ್ಮಿಯನ್ನು ಒಪ್ಪದ ಗಿಬ್ಸನ್ ಕಂಪನಿಯೂ 1952ರಲ್ಲಿ ಅವರದೇ ಹೆಸರಿನ ಗಟ್ಟಿಮೈ ಗಿಟಾರನ್ನು ಹೊರತಂದಿತು.

ಅಪ್ಪ, ಮಗ ಮತ್ತು ಒಲೆಗೂಡಿನ ಮರ

ಮನೆಯಲ್ಲೇ ಮಾಡಿದ ಗಿಟಾರುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಇಂಗ್ಲೆಂಡಿನದು. 1963ರಲ್ಲಿ ಬ್ರಯಾನ್ ಮೇ ಎಂಬ ಹದಿನಾರರ ಹುಡುಗನಿಗೆ ಎಲೆಕ್ಟ್ರಿಕ್ ಗಿಟಾರ್ ಬೇಕಾಗಿತ್ತು, ಕೊಳ್ಳಲು ಹಣವಿರಲಿಲ್ಲ. ತಂದೆ ಹೆರಾಲ್ಡ್ ಮೇ ಎಲೆಕ್ಟ್ರಾನಿಕ್ಸ್ ಬಲ್ಲವರು. ಕೊಳ್ಳಲಾಗದಿದ್ದರೆ ಮಾಡೋಣವೆಂದು ಇಬ್ಬರೂ ನಿಶ್ಚಯಿಸಿದರು. ಸುಮಾರು ಎರಡು ವರ್ಷ ಬಿಡುವಿನ ವೇಳೆಯಲ್ಲಿ ಕೈಕೆಲಸ ನಡೆಯಿತು. ಕತ್ತಿಗೆ ಸಿಕ್ಕಿದ್ದು ಹಳೆಯ ಮನೆಯೊಂದರ ಒಲೆಗೂಡಿನ ಮೇಲಿದ್ದ ಮಹಾಗನಿ ಹಲಗೆ. ಅದರಲ್ಲಿದ್ದ ಹುಳುಕಿನ ತೂತುಗಳನ್ನು ಬೆಂಕಿಕಡ್ಡಿಗಳಿಂದ ಮುಚ್ಚಿದರು. ಮೈಗೆ ಹಳೆಯ ಮೇಜಿನ ಓಕ್ ಮರ ಒದಗಿತು. ತಂತಿಗಳನ್ನು ಅಲುಗಿಸುವ ಸಾಧನಕ್ಕೆ ಹಳೆಯ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು ಬಂದವು. ಅದರ ಹಿಡಿಕೆಯ ತುದಿಗೆ ತಾಯಿಯ ಹೆಣಿಗೆ ಕಡ್ಡಿಯ ತುಂಡು, ಕತ್ತಿನ ಮೇಲಿನ ಗುರುತುಗಳಿಗೆ ತಾಯಿಯ ಹೊಲಿಗೆ ಪೆಟ್ಟಿಗೆಯ ಗುಂಡಿಗಳು.

ಮೊದಲು ಕೈಯಾರೆ ಸುತ್ತಿದ ಪಿಕಪ್ಪುಗಳು ತಂತಿಯನ್ನು ಎಳೆದು ನುಡಿಸುವಾಗ ವಿಚಿತ್ರ ಸದ್ದು ಮಾಡಿದ್ದರಿಂದ, ಅವುಗಳನ್ನು ತೆಗೆದು ಅಂಗಡಿಯಿಂದ ಕೊಂಡವನ್ನು ಹಾಕಬೇಕಾಯಿತು. ಉಳಿದ ವಾದ್ಯ ನಿಂತಿತು. ಮುಂದೆ ಕ್ವೀನ್ ತಂಡದಲ್ಲಿ ದಶಕಗಳ ಕಾಲ ಬ್ರಯಾನ್ ಮೇ ನುಡಿಸಿದ್ದು ಆ ಗಿಟಾರನ್ನೇ. ಆ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಾರಸಿ ಮನೆತನದವರು, 1950ರ ದಶಕದಲ್ಲಿ ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ ಓದಿದವರು. ಇನ್ನೊಂದು ಮಾತು: ಬ್ರಯಾನ್ ಮೇ ಗಿಟಾರಿಗಾಗಿ ಅರ್ಧಕ್ಕೆ ಬಿಟ್ಟಿದ್ದ ಖಗೋಳ ವಿಜ್ಞಾನದ ಸಂಶೋಧನೆಯನ್ನು ಮತ್ತೆ ಕೈಗೆತ್ತಿಕೊಂಡು 2007ರಲ್ಲಿ ಡಾಕ್ಟರೇಟ್ ಪಡೆದರು.

ನಿಮ್ಮೂರಿನಲ್ಲಿ ಏನೇನಿದೆ?

ಈಗ ತುಕ್ಕಾನಟ್ಟಿಗೆ ಹಿಂತಿರುಗಿ ಬನ್ನಿ. ಅಥವಾ ನಿಮ್ಮ ಊರು ಯಾವುದೋ ಅಲ್ಲಿಗೇ ಹೋಗಿ ಸುತ್ತ ನೋಡಿ. ಗೋಕಾಕದ ಸೀಮೆಗೆ ಮರವೂ ಹೊಸದಲ್ಲ, ಯಂತ್ರವೂ ಹೊಸದಲ್ಲ. ಮರದಲ್ಲಿ ಹಣ್ಣು, ಗೊಂಬೆಗಳನ್ನು ಕೆತ್ತಿ ನಿಜವೆಂಬಂತೆ ಬಣ್ಣ ಕೊಡುವ ಕುಶಲಕರ್ಮಿಗಳಿಂದ ಗೋಕಾಕ ಹೆಸರಾಯಿತು. ಗೋಕಾಕ ಜಲಪಾತದ ನೀರಿನ ಬಲದಿಂದ 1887ರಲ್ಲೇ ಅಲ್ಲಿ ನೂಲಿನ ಗಿರಣಿಯ ಚಕ್ರಗಳು ತಿರುಗಿದವು. ಇಂದು ಕಬ್ಬಿನ ಗದ್ದೆಗಳ ನಡುವಿನ ಊರುಗಳಲ್ಲಿ ಬಡಿಗೇರರ ಅಂಗಡಿ ಇದೆ, ವೆಲ್ಡಿಂಗ್ ಅಂಗಡಿ ಇದೆ, ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಯೂ ಇದೆ. ಸುಟ್ಟುಹೋದ ಮೋಟಾರಿನ ಹಳೆಯ ತಂತಿ ಕಿತ್ತು, ಸುತ್ತುಗಳನ್ನು ಎಣಿಸಿ, ಹೊಸ ತಾಮ್ರದ ತಂತಿ ಸುತ್ತುವ ಆ ಕೆಲಸಗಾರನಿಗೆ ಪಿಕಪ್ ಎಂದರೇನೆಂದು ಹೇಳಿಕೊಡುವುದು ಕಷ್ಟವಲ್ಲ. ಸುರುಳಿ ಎಂಬುದು ಅವನ ನಿತ್ಯದ ಮಾತು. ಪಿಕಪ್ಪಿನ ತಂತಿ ಮೋಟಾರಿನದಕ್ಕಿಂತ ಬಹಳ ತೆಳು, ಸುಮಾರು 0.06 ಮಿಲಿಮೀಟರ್. ಸುತ್ತುಗಳು ಏಳೆಂಟು ಸಾವಿರ. ಎಳೆದರೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ಸದ್ದು ಕೆಡುತ್ತದೆ.

ಲೆಕ್ಕವೂ ನಿಮ್ಮ ಕೈಯಳತೆಯದೇ. ಗಿಟಾರಿನ ಕತ್ತಿನ ಮೇಲೆ ವೀಣೆಗಿರುವಂತೆ ಮೆಟ್ಟಿಲುಗಳಿರುತ್ತವೆ. ಮೇಲಿನ ತುದಿಯಿಂದ ಕುದುರೆಯವರೆಗೆ ತಂತಿಯ ಉದ್ದ 648 ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಇದು ಫೆಂಡರ್ ಗಿಟಾರುಗಳ ಅಳತೆ. ಅದನ್ನು 17.817ರಿಂದ ಭಾಗಿಸಿದರೆ ಸುಮಾರು 36.4 ಬರುತ್ತದೆ. ತುದಿಯಿಂದ ಅಷ್ಟು ದೂರಕ್ಕೆ ಮೊದಲ ಮೆಟ್ಟಿಲು. ಉಳಿದ 611.6ನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿ, 34.3 ಬಂತು. ಅಲ್ಲಿ ಎರಡನೆಯದು. ಹೀಗೆ ಹನ್ನೆರಡು ಸಲ ಮಾಡಿದರೆ ಸರಿಯಾಗಿ ಅರ್ಧಕ್ಕೆ, 324 ಮಿಲಿಮೀಟರಿಗೆ ತಲುಪುತ್ತೀರಿ. ಅಲ್ಲಿ ಮೇಲಿನ ಷಡ್ಜ ನುಡಿಯುತ್ತದೆ. ನುಡಿಯದಿದ್ದರೆ ನಿಮ್ಮ ಲೆಕ್ಕವೋ ಗರಗಸವೋ ತಪ್ಪಿದೆ ಎಂದರ್ಥ. ಪರೀಕ್ಷೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಗುರುಗಳು ಕ್ಷಮಿಸಬಹುದು, ಗಿಟಾರ್ ಕ್ಷಮಿಸುವುದಿಲ್ಲ.

ಆರು ತಂತಿಗಳು ಕೂಡಿ ಕತ್ತನ್ನು ಸುಮಾರು ನಲವತ್ತು ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ. ಆದ್ದರಿಂದ ಕತ್ತಿಗೆ ಹಸಿ ಮರ ಸಲ್ಲದು. ಹಳೆಯ ಮನೆ ಕೆಡವಿದಾಗ ಸಿಗುವ, ವರ್ಷಗಟ್ಟಲೆ ಒಣಗಿದ ಸಾಗವಾನಿಯ ಬಾಗಿಲು ಚೌಕಟ್ಟು ಹೊಸ ಹಲಗೆಗಿಂತ ಉತ್ತಮ. ಕತ್ತಿನೊಳಗೆ ಉಕ್ಕಿನ ಸರಳೊಂದನ್ನು ಕೂರಿಸಿದರೆ ಬಾಗುವ ಭಯ ಕಡಿಮೆ. ಮೈಗೆ ಯಾವ ಗಟ್ಟಿ ಮರವಾದರೂ ನಡೆದೀತು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಪಿಕಪ್ಪಿನ ವಿದ್ಯುತ್ತಿನಿಂದ ಅಪಾಯವಿಲ್ಲ, ಆದರೆ ಮನೆಯ ವಿದ್ಯುತ್ತಿಗೆ ಜೋಡಿಸುವ ಹಳೆಯ ಆಂಪ್ಲಿಫೈಯರುಗಳನ್ನು ತಿಳಿದವರಿಲ್ಲದೆ ಬಿಚ್ಚಬೇಡಿ. ಒಂಬತ್ತು ವೋಲ್ಟಿನ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಆಂಪ್ಲಿಫೈಯರಿನಿಂದ ಆರಂಭಿಸಿ.

ನಮ್ಮ ಸಂಗೀತಕ್ಕೆ ಇದರಿಂದೇನು?

ಈ ಪ್ರಶ್ನೆ ನಿಮ್ಮಲ್ಲಿ ಎದ್ದಿದ್ದರೆ ಒಳ್ಳೆಯದು. ಆಂಧ್ರದ ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಅವರು ವಿದ್ಯುತ್ ಮ್ಯಾಂಡೊಲಿನ್ ಹಿಡಿದು ಕರ್ನಾಟಕ ಸಂಗೀತದ ವೇದಿಕೆಗೆ ಬಂದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಮಾಮೂಲಿ ಮ್ಯಾಂಡೊಲಿನ್ನಿನ ನಾಲ್ಕು ಜೋಡಿ ತಂತಿಗಳ ಬದಲು ಅವರು ಐದು ಒಂಟಿ ತಂತಿಗಳನ್ನು ಹಾಕಿಸಿ, ಗಮಕಕ್ಕೆ ತಕ್ಕಂತೆ ವಾದ್ಯವನ್ನು ಒಗ್ಗಿಸಿಕೊಂಡರು. ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಎಂಬ ಕೊಳಲು ವಾದಕ ಎಂಜಿನಿಯರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಇಂದು ಅಂಥ ಪೆಟ್ಟಿಗೆ ಇಲ್ಲದ ಸಂಗೀತ ಪಾಠದ ಮನೆಗಳು ಕಡಿಮೆ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಪೆಟ್ಟಿಗೆ ಬಂದಲ್ಲಿ ಬುರುಡೆಯ ತಂಬೂರಿಗೆ ಬೇಡಿಕೆ ಇಳಿಯುತ್ತದೆ. ಮಿರಜದ ಕುಟುಂಬಗಳಲ್ಲೂ ಹೊಸ ಪೀಳಿಗೆ ಉಳಿ, ಅರ ಹಿಡಿಯುವುದು ಕಡಿಮೆಯಾಗುತ್ತಿದೆ. ತಂಬೂರಿಯ ಕುದುರೆಯ ಮೈಯನ್ನು ಸವರಿ ಸವರಿ, ತಂತಿ ಅದನ್ನು ಸವರಿಕೊಂಡೇ ಝೇಂಕರಿಸುವಂತೆ ಮಾಡುವ ವಿದ್ಯೆಗೆ ಅವರು ಜವಾರಿ ಎನ್ನುತ್ತಾರೆ. ಅದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಒಂದು ತಲೆಮಾರು ಕಲಿಯದಿದ್ದರೆ ಹೋಯಿತು. ಸ್ವಾರಸ್ಯವೆಂದರೆ, 1967ರಲ್ಲಿ ಅಮೆರಿಕದಲ್ಲಿ ಎಲೆಕ್ಟ್ರಿಕ್ ಸಿತಾರ್ ಎಂಬ ವಾದ್ಯ ಮಾರುಕಟ್ಟೆಗೆ ಬಂದಾಗ, ಅದನ್ನು ಗಿಟಾರಿನಿಂದ ಬೇರೆ ಮಾಡಿದ್ದು ಝೇಂಕರಿಸುವ ಚಪ್ಪಟೆ ಕುದುರೆಯೇ. ಹೊಟ್ಟೆಯನ್ನು ಬಿಟ್ಟರೂ ಜವಾರಿಯನ್ನು ಬಿಡಲಾಗಲಿಲ್ಲ.

ಆದ್ದರಿಂದ ನೀವು ಗಿಟಾರ್ ಮಾಡಲು ಹೊರಟರೆ, ಎರಡು ಕಡೆ ಹೋಗಿ ಬನ್ನಿ. ಒಂದು, ರಿವೈಂಡಿಂಗ್ ಅಂಗಡಿ. ಇನ್ನೊಂದು, ತಂಬೂರಿ ಮಾಡುವವರ ಮನೆ. ಕತ್ತಿ ಮಾಡುವ ಕೈ ತಂಬೂರಿಗೆ ಹೊರಳಿದ್ದು, ರೇಡಿಯೋ ರಿಪೇರಿಯ ಕೈ ಗಿಟಾರಿಗೆ ಹೊರಳಿದ್ದು ನಿಮಗೆ ಈಗ ಗೊತ್ತಿದೆ. ಹಾಗೆ ಹೊರಳಲು ಕೈಯಲ್ಲಿ ಮೊದಲು ಒಂದು ಕಸುಬು ಇರಬೇಕು. ನಿಮ್ಮ ಮೊದಲ ಗಿಟಾರಿನ ಕತ್ತು ಬಾಗೀತು, ಮೆಟ್ಟಿಲು ತಪ್ಪೀತು. ಅದನ್ನು ಎಸೆಯದೆ, ಏನು ತಪ್ಪಿತೆಂದು ಬರೆದಿಟ್ಟು ಎರಡನೆಯದನ್ನು ಮಾಡಿ.

ವಾದ್ಯ ಸಿದ್ಧವಾದ ಸಂಜೆ, ಗೆಳೆಯರನ್ನು ಎದುರಿಗೆ ಕೂರಿಸಿಕೊಳ್ಳುವ ಮೊದಲು, ನಿಮ್ಮ ಆಯಿಯನ್ನು ಅಂಗಳದ ಆ ತುದಿಯ ಕಟ್ಟೆಯ ಮೇಲೆ ಕೂರಿಸಿ. ಒಂದು ತಂತಿ ಮೀಟಿ, "ಕೇಳಸ್ತೈತೇನ, ಆಯಿ?" ಎಂದು ಕೇಳಿ. ಚೌಡಯ್ಯನವರು ಹತ್ತೊಂಬತ್ತು ತಂತಿ ಬಿಗಿದದ್ದೂ, ಲೆಸ್ ಪಾಲ್ ತೊಲೆಗೆ ತಂತಿ ಕಟ್ಟಿದ್ದೂ ಆ ಒಂದು ಪ್ರಶ್ನೆಗೆ ಹೌದು ಎಂಬ ಉತ್ತರ ಪಡೆಯುವುದಕ್ಕಾಗಿ.